ಅದಿರೂ ಪ್ರಯಾಣಿಕನೂ: ಹೊಸಪೇಟೆಯ ರೈಲುದಾರಿಯನ್ನು ಕುರಿತು ಒಂದು ವಿಮರ್ಶೆ

ಹೊಸಪೇಟೆಯ ರೈಲುದಾರಿಯ ವಿಷಯವಾಗಿ ಎರಡು ವಾದಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಸರಕು ಗಾಡಿಯಿಂದ ಆದಾಯ, ಪ್ರಯಾಣಿಕರ ಗಾಡಿಯಿಂದ ನಷ್ಟ. ಆದುದರಿಂದ ಹಳಿಯಲ್ಲಿ ತೆರಪು ಉಳಿದರೆ ಮಾತ್ರ ಪ್ರಯಾಣಿಕನಿಗೆ ಸ್ಥಳವೆಂಬುದು ಒಂದು. ಹೊಸ ಗಾಡಿಯೊಂದನ್ನು ಮಂಜೂರು ಮಾಡಿಸಿದರೆ ಕಾರ್ಯ ಮುಗಿಯಿತೆಂಬ ರಾಜಕೀಯ ಮುಖಂಡರ ನಂಬಿಕೆ ಮತ್ತೊಂದು. ಇವೆರಡೂ ಇತಿಹಾಸದ ಪರೀಕ್ಷೆಗೆ ನಿಲ್ಲಲಾರವೆಂದು ತೋರಿಸುವುದು ಈ ಲೇಖನದ ಉದ್ದೇಶ.

1876-78ರ ಮಹಾಕ್ಷಾಮವು ಬಳ್ಳಾರಿ ಸೀಮೆಯನ್ನು ಹಾಳುಗೆಡವಿದ ಮೇಲೆ, 1880ರ ಕ್ಷಾಮ ಆಯೋಗವು ರೈಲುದಾರಿಗಳನ್ನು ಬರಿಯ ಲಾಭದ ತಕ್ಕಡಿಯಲ್ಲಿ ತೂಗಬಾರದೆಂಬ ವಿಚಾರಕ್ಕೆ ಬಲಕೊಟ್ಟಿತು. ಆದಾಯ ತರುವ ದಾರಿ ಬೇರೆ, ಜೀವರಕ್ಷಣೆಯ ದಾರಿ ಬೇರೆ ಎಂದು ಸರ್ಕಾರ ಎಣಿಸತೊಡಗಿತು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಆ ದಶಕದಲ್ಲಿ ಹೊಸಪೇಟೆಯ ಮೂಲಕ ಹಾಕಿದ ಮೀಟರ್‌ಗೇಜ್ ದಾರಿ ಈ ಎರಡನೆಯ ವರ್ಗಕ್ಕೆ ಸೇರಿದುದು. ಅದರಲ್ಲಿ ಸಾಗಬೇಕಾಗಿದ್ದ ಧಾನ್ಯವೂ ಸರಕೇ. ಆದರೆ ಅದು ಜನರ ಸಲುವಾಗಿ ಸಾಗುವ ಸರಕು.

ಈಗ ನಷ್ಟದ ಲೆಕ್ಕವನ್ನು ನೋಡೋಣ. ಭಾರತೀಯ ರೈಲ್ವೆಯ ಸಂಪಾದನೆಯ ಹೆಚ್ಚಿನ ಪಾಲು ಸರಕಿನಿಂದ ಬರುವುದು ನಿಜ. ಪ್ರಯಾಣಿಕರ ದರದ ಕೊರತೆಯನ್ನು ಅದು ತುಂಬುವುದೂ ನಿಜ. ಆದರೆ ಹಳಿ, ಸಿಗ್ನಲ್, ಸಿಬ್ಬಂದಿಗಳ ವೆಚ್ಚ ಎರಡು ಬಗೆಯ ಗಾಡಿಗಳಿಗೂ ಸೇರಿದುದು. ಆ ಜಂಟಿ ವೆಚ್ಚವನ್ನು ಸೂತ್ರವೊಂದರಿಂದ ಹಂಚಿದ ಮೇಲೆಯೇ ನಷ್ಟದ ಅಂಕಿ ಹುಟ್ಟುತ್ತದೆ. ಹಂಚಿಕೆಯ ಫಲವನ್ನು ನಿಸರ್ಗನಿಯಮವೆಂದು ಭಾವಿಸುವುದು ತಪ್ಪು.

ಹಳಿಯಲ್ಲಿ ತೆರಪಿಲ್ಲವೆಂಬ ಮಾತಿಗೆ ಇತಿಹಾಸವೇ ಒಂದು ಪರೀಕ್ಷೆಯನ್ನು ಒದಗಿಸಿದೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಅದಿರಿನ ಸಾಗಣೆ ಕುಗ್ಗಿತು. ತೆರಪೊಂದೇ ಅಡ್ಡಿಯಾಗಿದ್ದರೆ ಆಗಲೇ ಪ್ರಯಾಣಿಕರ ಗಾಡಿ ಓಡಬೇಕಾಗಿತ್ತು. ಆದರೆ ಕೊಟ್ಟೂರಿನ ಮೇಲೆ ಹೊಸಪೇಟೆಯಿಂದ ಹರಿಹರಕ್ಕೆ ಅಂಥ ಗಾಡಿ ಹೊರಟದ್ದು 2019ರಲ್ಲಿ. ಸಂಡೂರು ಸೀಮೆಯ ಸ್ವಾಮಿಹಳ್ಳಿಯವರೆಗಿನ ಶಾಖಾಮಾರ್ಗ ಮುಖ್ಯವಾಗಿ ಅದಿರಿನದೇ ಆಗಿ ಉಳಿಯಿತು. ಕೊರತೆಯಿದ್ದುದು ಹಳಿಯಲ್ಲಿ ಮಾತ್ರವಲ್ಲ, ಸಂಕಲ್ಪದಲ್ಲಿ.

ಮುಖಂಡರ ಬೆಂಬಲವೂ ಬಹುಮಟ್ಟಿಗೆ ಹಸಿರು ಬಾವುಟದವರೆಗೆ ಮಾತ್ರ. ಒಂಟಿಹಳಿಯಲ್ಲಿ ಎದುರುಬದುರಾಗುವ ಗಾಡಿಗಳಲ್ಲಿ ಒಂದು ನಿಲ್ದಾಣದ ಪಕ್ಕದ ಹಳಿಯಲ್ಲಿ ಕಾಯಲೇಬೇಕು. ಭಾರವಾದ ಸರಕು ಗಾಡಿ ನಿಂತರೆ ಮತ್ತೆ ವೇಗ ಪಡೆಯಲು ಹೊತ್ತು ಬೇಕು. ಆದುದರಿಂದ ನಿಲ್ಲುವ ಸರದಿ ಸುಲಭವಾಗಿ ಪ್ರಯಾಣಿಕರ ಪಾಲಿಗೆ ಬರುತ್ತದೆ. ಯಾರು ಕಾಯಬೇಕೆಂಬುದೇ ನಿಜವಾದ ರಾಜಕೀಯ ಪ್ರಶ್ನೆ. ಅದನ್ನು ಯಾವ ಮನವಿಪತ್ರವೂ ಎತ್ತುವುದಿಲ್ಲ. ಕಾನೂನು ಮಾಡಿದ ಮಾತ್ರಕ್ಕೆ ಸಾಲದೆಂಬುದಕ್ಕೆ ಅಮೆರಿಕ ಸಾಕ್ಷಿ: 1971ರಲ್ಲಿ ಆರಂಭವಾದ ಆಮ್‌ಟ್ರ್ಯಾಕ್‌ಗೆ ಸರಕು ಕಂಪನಿಗಳ ಹಳಿಗಳಲ್ಲಿ 1973ರ ಶಾಸನವು ಆದ್ಯತೆ ಕೊಟ್ಟರೂ ವಿಳಂಬದ ತಕರಾರು ತೀರಲಿಲ್ಲ. ಅಲ್ಲಿ ಹಳಿಯ ಒಡೆಯ ಬೇರೆ. ಇಲ್ಲಿ ಎರಡಕ್ಕೂ ರೈಲ್ವೆಯೇ ಒಡೆಯ. ಆದುದರಿಂದ ನಮಗೆ ಆ ನೆಪವೂ ಇಲ್ಲ.

ಹೊಸ ಹಳಿ ಹಾಕಿದರೆ ಎಲ್ಲವೂ ಸರಿಹೋಗುವುದೆಂಬ ಭರವಸೆಗೂ ಮಿತಿಯುಂಟು. ಹೊಸಪೇಟೆ–ವಾಸ್ಕೊ ಜೋಡಿಮಾರ್ಗದ ಕ್ಯಾಸಲ್‌ರಾಕ್–ಕುಳೆಂ ಭಾಗಕ್ಕೆ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟಿದ್ದ ಒಪ್ಪಿಗೆಯನ್ನು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಗೊಳಿಸಿತು. ಇರುವ ಹಳಿಯನ್ನು ನ್ಯಾಯವಾಗಿ ಹಂಚಿಕೊಳ್ಳುವುದು ಅನಿವಾರ್ಯ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲೂ ಅದಿರೂ ಬೇಕು; ಸಾವಿರಾರು ಜನರ ಅನ್ನ ಅದರಲ್ಲಿದೆ. ಅದನ್ನು ಅಲ್ಲಗಳೆಯುವುದು ಇಲ್ಲಿನ ಅಭಿಪ್ರಾಯವಲ್ಲ. ಆದರೆ ಹಂಪಿಗೆ ಬರುವ ಯಾತ್ರಿಕನೂ, ಹಳಿಯಿಲ್ಲದ ಕಂಪ್ಲಿಯಿಂದ ಬಸ್ಸು ಹಿಡಿದು ಹೊಸಪೇಟೆಯಲ್ಲಿ ಗಾಡಿಗೆ ಕಾಯುವ ವಿದ್ಯಾರ್ಥಿಯೂ ಈ ದಾರಿಯ ಹಕ್ಕುದಾರರೇ. ಬೆಳಗಿನ ಮತ್ತು ಸಂಜೆಯ ಕೆಲವು ಗಂಟೆಗಳನ್ನು ಪ್ರಯಾಣಿಕರ ಗಾಡಿಗಳಿಗೆ ಕಾದಿರಿಸಬೇಕು. ಮಾರ್ಗವಾರು ವಿಳಂಬದ ಲೆಕ್ಕವನ್ನು ಪ್ರಕಟಿಸಬೇಕು. ಕ್ಷಾಮಕಾಲದ ಪರಕೀಯ ಸರ್ಕಾರ ಒಪ್ಪಿದ ತತ್ತ್ವವನ್ನು ಪ್ರಜಾಸರ್ಕಾರ ಒಪ್ಪಲಾರದೆಂದರೆ ಅದನ್ನು ಇತಿಹಾಸದ ವಿದ್ಯಾರ್ಥಿ ಪ್ರಗತಿಯೆಂದು ಕರೆಯಲಾರನು.