ಹೊಡೆಯದೆ ಇಳಿಸುವ ವಿದ್ಯೆ

ಕೈಲ್ ಮುಹೂರ್ತದ ಹಬ್ಬದಲ್ಲಿ ಕೊಡಗಿನವರು ಎತ್ತರದಲ್ಲಿ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ ನಡೆಸುತ್ತಾರೆ. ಈ ಮಾತು ತೆಗೆದಾಗಲೆಲ್ಲ ನಮ್ಮ ತಿಪಟೂರು ಸೀಮೆಯವರು ಮೊದಲು ಹಾಕುವುದು ಲುಕ್ಸಾನಿನ ಲೆಕ್ಕ. ಅಟ್ಟ ಸೇರಬೇಕಾದ ಕಾಯಿ, ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗಿ ಎಪಿಎಂಸಿ ಹರಾಜಿಗೆ ಹೋಗಬೇಕಾದ ಕಾಯಿ, ಹಾಗೆ ಚೂರಾಗಿ ಬೀಳುವುದೆಂದರೆ ನಮಗೆ ಹೊಟ್ಟೆ ಉರಿಯದೇ ಇರುತ್ತದೆಯೇ? ಕೊಡವರಿಗೆ ಕೋವಿ ಮನೆಯ ದೇವರ ಸಮಕ್ಕೆ ಇದೆ. ಸೆಪ್ಟೆಂಬರ್ ಮೊದಲ ವಾರದ ಆ ಹಬ್ಬದಲ್ಲಿ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತಾರೆ. ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಅವರಿಗೆ ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು.

ನಮ್ಮ ಕಡೆ ಬಂದೂಕಿನ ಸಂಬಂಧ ಅಷ್ಟು ಸಲೀಸಲ್ಲ. ತಾತನ ಕಾಲದ ಒಂಟಿ ನಳಿಗೆ ತೋಟದ ಕಾವಲಿಗೆಂದು ಗೋಡೆಯಲ್ಲಿ ತೂಗುತ್ತಿರುತ್ತದೆ. ಚುನಾವಣೆ ಘೋಷಣೆಯಾದ ಕೂಡಲೇ ಅದನ್ನು ಠಾಣೆಗೆ ಒಪ್ಪಿಸಿ ರಶೀದಿ ತರಬೇಕು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದವರು ಮಣ್ಣಿನ ಮೇಲೆ ಬೋರಲು ಮಲಗಿ ಪಾಯಿಂಟ್ ಟೂ ಟೂ ರೈಫಲ್ ಹೊಡೆದದ್ದನ್ನು ಮುದುಕರಾದರೂ ಹೇಳಿಕೊಳ್ಳುತ್ತಾರೆ. ಉಳಿದವರಿಗೆ ಸಿದ್ಧಗಂಗೆ ಜಾತ್ರೆಯಲ್ಲೋ ಯಡಿಯೂರು ತೇರಿನಲ್ಲೋ ಬಲೂನಿಗೆ ಹೊಡೆದದ್ದೇ ಮೊದಲ ಗುರಿ, ಕೊನೆಯ ಗುರಿ. ಪಿಸ್ತೂಲಂತೂ ಪೊಲೀಸರ ಸೊಂಟದಲ್ಲೋ ಸಿನಿಮಾ ಪರದೆಯ ಮೇಲೋ ಇರುವ ವಸ್ತು. ಹೀಗಿರುವಾಗ ನೊಣವಿನಕೆರೆಯ ಹುಡುಗಿಯೊಬ್ಬಳು, ಹುಳಿಯಾರಿನ ಮೇಷ್ಟರೊಬ್ಬರು "ಪಿಸ್ತೂಲ್ ಶೂಟಿಂಗ್ ಕಲಿಯುತ್ತೇನೆ" ಎಂದರೆ ಮನೆಯವರು ಗಾಬರಿ ಬೀಳುವುದು ಸಹಜ. ಈ ವಾರದ ಅಂಕಣ ಅಂಥ ಮನೆಯವರಿಗೆ.

ನಾನು ಹೇಳುತ್ತಿರುವುದು ಹತ್ತು ಮೀಟರ್ ಏರ್ ಪಿಸ್ತೂಲಿನ ಮಾತು. ಇದರಲ್ಲಿ ಮದ್ದಿಲ್ಲ, ಬೆಂಕಿಯಿಲ್ಲ, ಹೊಗೆಯಿಲ್ಲ. ಹಿಡಿಯ ಮುಂದೆ ಒಂದು ಪುಟ್ಟ ಸಿಲಿಂಡರ್, ಅದರೊಳಗೆ ಒತ್ತಿ ತುಂಬಿದ ಗಾಳಿ. ಆ ಗಾಳಿ ಅರ್ಧ ಗ್ರಾಮಿನಷ್ಟು ತೂಗುವ, ನಡು ಸಣ್ಣಗಿರುವ ಒಂದು ಸೀಸದ ಪೆಲೆಟ್ಟನ್ನು ತಳ್ಳುತ್ತದೆ. ಪೆಲೆಟ್ಟಿನ ಮೂತಿ ಚಪ್ಪಟೆ. ಹಾಗಾಗಿ ಕಾಗದದ ಗುರಿಯಲ್ಲಿ ಹರಿದ ಗಾಯವಾಗದೆ ದುಂಡಗೆ ಕತ್ತರಿಸಿದ ತೂತು ಬೀಳುತ್ತದೆ. ಗುರಿಯ ಕಪ್ಪು ವೃತ್ತದ ಅಡ್ಡಳತೆ 59.5 ಮಿ.ಮೀ., ಅಂದರೆ ನಮ್ಮ ಒಂದು ಒಳ್ಳೆಯ ಉಂಡೆ ಕೊಬ್ಬರಿಗಿಂತ ಚಿಕ್ಕದು. ಅದರ ನಡುವೆ ಹತ್ತು ಅಂಕದ ವೃತ್ತ 11.5 ಮಿ.ಮೀ. ಪಿಸ್ತೂಲು ಹಿಡಿಯುವುದು ಒಂದೇ ಕೈಯಲ್ಲಿ. ಆ ತೋಳಿಗೆ ಯಾವ ಆಸರೆಯೂ ಇರಬಾರದು. ಪಿಸ್ತೂಲು ಒಂದೂವರೆ ಕಿಲೋ ಮೀರಬಾರದು, ಟ್ರಿಗರ್ ಅರ್ಧ ಕಿಲೋಗಿಂತ ಹಗುರಾಗಬಾರದು. ಪಂದ್ಯವೆಂದರೆ 60 ಗುಂಡು, 75 ನಿಮಿಷ. ಪೂರ್ಣಾಂಕ 600.

ಕಾನೂನಿನ ಮಾತು ಇಲ್ಲಿಯೇ ಮುಗಿಸಿಬಿಡೋಣ. ನಳಿಗೆಯ ಒಳಅಳತೆ 4.5 ಮಿ.ಮೀ. ಮೀರದ, ಶಕ್ತಿ 20 ಜೌಲ್ ದಾಟದ ಗಾಳಿ ಆಯುಧಕ್ಕೆ ನಮ್ಮ ದೇಶದಲ್ಲಿ ಪರವಾನಗಿ ಬೇಕಿಲ್ಲ. ಪಂದ್ಯದ ಏರ್ ಪಿಸ್ತೂಲಿನ ಶಕ್ತಿ ಇದರ ಅರ್ಧಕ್ಕೂ ಬಹಳ ಕೆಳಗೆ. ಹಾಗೆಂದು ಅದು ಆಟಿಕೆಯೂ ಅಲ್ಲ, ಕಣ್ಣು ಕಳೆಯಲು ಅಷ್ಟು ಸಾಕು. ತೆಂಗಿನ ಗರಿಯ ಮೇಲೆ ಕೂತ ಹಕ್ಕಿಗೋ ಎಳನೀರು ಕೊರೆಯುವ ಕೋತಿಗೋ ಇದನ್ನು ತಿರುಗಿಸುವವರು ಶೂಟರ್‌ಗಳಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇಪ್ಪತ್ತೈದು ಮೀಟರಿನ ಪಂದ್ಯಗಳಲ್ಲಿ ಬಳಸುವ ಪಾಯಿಂಟ್ ಟೂ ಟೂ ಪಿಸ್ತೂಲಿನದು ಬೇರೆಯೇ ದಾರಿ, ಅಲ್ಲಿ ಪರವಾನಗಿಯ ಕಾಗದಪತ್ರ ಬೇಕು. ಹೊಸಬರು ಅತ್ತ ನೋಡುವ ಅಗತ್ಯವೇ ಇಲ್ಲ.

ಇನ್ನು ರುಚಿಯ ಭಾಗ. ರೇಂಜಿಗೆ ಬಂದ ಹೊಸಬರೆಲ್ಲ ಗುರಿಯನ್ನು ದುರುಗುಟ್ಟಿ ನೋಡುತ್ತಾರೆ. ಕಲಿತವರು ಗುರಿಯನ್ನು ಮಸುಕಾಗಲು ಬಿಟ್ಟು ಫ್ರಂಟ್ ಸೈಟನ್ನು, ಅಂದರೆ ನಳಿಗೆಯ ತುದಿಯ ಗುರಿಕಡ್ಡಿಯನ್ನು, ನೋಡುತ್ತಾರೆ. ಕಣ್ಣಿಗೆ ಒಂದು ಸಲಕ್ಕೆ ಒಂದೇ ದೂರ ಸ್ಪಷ್ಟವಾಗುವುದರಿಂದ ಎರಡರಲ್ಲಿ ಒಂದನ್ನು ಬಿಟ್ಟುಕೊಡಲೇಬೇಕು. ಯಾವುದನ್ನು ಬಿಡಬೇಕು ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಪಿಸ್ತೂಲಿನ ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವೆ ಸುಮಾರು 32 ಸೆಂ.ಮೀ. ಅಂತರ. ಎರಡೂ ಒಂದಕ್ಕೊಂದು ಸರಿಯಾಗಿದ್ದು ಇಡೀ ತೋಳು ಒಂದು ಮಿ.ಮೀ. ಪಕ್ಕಕ್ಕೆ ಸರಿಯಿತು ಅನ್ನಿ, ಪೆಲೆಟ್ ಕೂಡ ಒಂದೇ ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಹತ್ತು ಹತ್ತಾಗಿಯೇ ಉಳಿಯುತ್ತದೆ. ಅದೇ ಮಣಿಕಟ್ಟು ಕೊಂಕಿ, ಹಿಂದಿನ ಸೈಟಿನ ಸಂದಿಯೊಳಗೆ ಮುಂದಿನದು ಒಂದು ಮಿ.ಮೀ. ಜರುಗಿದರೆ ಹತ್ತು ಮೀಟರ್ ಆಚೆ ಪೆಲೆಟ್ ಸುಮಾರು 31 ಮಿ.ಮೀ. ದೂರ ಹೋಗುತ್ತದೆ. ಹತ್ತು ಹೋಗಿ ಏಳಾಗುತ್ತದೆ. ಆದ್ದರಿಂದ ತೋಳು ತೂಗಾಡಿದರೆ ಚಿಂತೆ ಬೇಡ, ಎಂಥ ಚಾಂಪಿಯನ್ನರ ತೋಳೂ ತೂಗಾಡುತ್ತದೆ. ಕೆಡಿಸುವುದು ಮಣಿಕಟ್ಟು. ಮಣಿಕಟ್ಟನ್ನು ಕೊಂಕಿಸುವುದು ಬೆರಳಿನ ಆತುರ.

ಕಪ್ಪು ವೃತ್ತದ ನಟ್ಟನಡುವೆ ಸೈಟ್ ಇಡುವುದೂ ರೂಢಿಯಲ್ಲಿಲ್ಲ. ಕಪ್ಪಿನ ಮೇಲೆ ಕಪ್ಪು ಕಾಣಿಸುವುದಿಲ್ಲವಲ್ಲ. ವೃತ್ತದ ಕೆಳಗೆ ಒಂದಷ್ಟು ಬಿಳಿ ಉಳಿಸಿ ಅಲ್ಲಿ ಸೈಟನ್ನು ನಿಲ್ಲಿಸುತ್ತಾರೆ. ಪೆಲೆಟ್ ಮೇಲೆ ಹೋಗಿ ಹತ್ತಕ್ಕೆ ಬೀಳುವಂತೆ ಹಿಂದಿನ ಸೈಟಿನ ತಿರುಪು ಮೊದಲೇ ಹೊಂದಿಸಿರುತ್ತಾರೆ. ಜಾತ್ರೆಯ ಬಂದೂಕಿನಲ್ಲಿ ಬಲೂನು ನೋಡಿ ಕಲಿತ ಕಣ್ಣಿಗೆ ಇದು ಒಪ್ಪುವುದೇ ಕಷ್ಟ. ಎಲ್ಲಿ ಹೊಡೆಯಬೇಕೋ ಅಲ್ಲಿ ನೋಡಬಾರದು ಎಂದರೆ ಯಾರು ತಾನೇ ನಂಬುತ್ತಾರೆ?

ಟ್ರಿಗರ್ ವಿಚಾರಕ್ಕೆ ಬಂದರೆ ನಮ್ಮ ಸೀಮೆಯವರಿಗೆ ಬೇರೆ ಪಾಠ ಬೇಡ. ಅಟ್ಟದ ಮೇಲಿನ ಕಾಯಿಯೊಳಗೆ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಳ್ಳುವ ಗಳಿಗೆ ಯಾವುದೆಂದು ಯಾರೂ ಗೊತ್ತುಮಾಡಲಾರರು. ಕಾವು ಮಾತ್ರ ಸಮವಾಗಿ ಸಿಗುತ್ತಿರಬೇಕು, ಉಳಿದದ್ದು ಒಳಗೇ ಆಗುತ್ತದೆ. ಟ್ರಿಗರ್ ಮೇಲಿನ ಒತ್ತಡವೂ ಹಾಗೆಯೇ ನಿಲ್ಲದೆ, ಜಿಗಿಯದೆ ಏರುತ್ತಾ ಹೋಗಬೇಕು. ಪೆಲೆಟ್ ಹೊರಟ ಕ್ಷಣ ಹೊಡೆದವರಿಗೇ ಸಣ್ಣ ಅಚ್ಚರಿಯಾಗಬೇಕು. "ಈಗ!" ಎಂದು ಮನಸ್ಸು ಕೂಗಿದ ಗುಂಡು ಏಳಕ್ಕೋ ಆರಕ್ಕೋ ಹೋಗುತ್ತದೆ, ಸಂಶಯವೇ ಬೇಡ. ಗುಂಡು ಹೋದಮೇಲೂ ತೋಳನ್ನು ಒಂದೆರಡು ಸೆಕೆಂಡು ಅಲ್ಲಿಯೇ ನಿಲ್ಲಿಸಬೇಕು. ಪೆಲೆಟ್ ಬಿದ್ದ ಜಾಗ ತೋರಿಸುವ ಪರದೆ ನೋಡುವ ಮೊದಲೇ ಅದು ಎಲ್ಲಿಗೆ ಬಿತ್ತೆಂದು ಮನಸ್ಸಿನಲ್ಲಿ ಹೇಳಿಕೊಳ್ಳಬೇಕು. ಹೇಳಿದ್ದೂ ಬಿದ್ದದ್ದೂ ಹೊಂದತೊಡಗಿದ ದಿನ ನೀವು ಶೂಟರ್ ಆದಿರಿ. ಅಂಕ ಎಷ್ಟೇ ಇರಲಿ.

ಆದರೆ ಈ ಆಟದಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಬೇರೊಂದನ್ನು. 75 ನಿಮಿಷಕ್ಕೆ 60 ಗುಂಡು ಎಂದರೆ ಒಂದಕ್ಕೆ 75 ಸೆಕೆಂಡು. ತೋಳು ಎತ್ತಿ, ಉಸಿರು ಅರ್ಧ ಬಿಟ್ಟು, ಸೈಟ್ ನಿಲ್ಲಿಸಿ, ಪೆಲೆಟ್ ಹೊರಡಿಸಲು ಹತ್ತು ಸೆಕೆಂಡು ಸಾಕು. ಮಿಕ್ಕ ಕಾಲವನ್ನು ನಿಯಮ ಕೊಟ್ಟಿರುವುದು ವಿಶ್ರಾಂತಿಗೆ, ಮತ್ತು ಬೇಡವೆನಿಸಿದ ಗುಂಡನ್ನು ಹೊಡೆಯದೆ ತೋಳು ಇಳಿಸುವುದಕ್ಕೆ. ಹತ್ತು ಸೆಕೆಂಡು ದಾಟಿದ ಮೇಲೆ ಕಣ್ಣು ದಣಿಯುತ್ತದೆ, ತಡೆದ ಉಸಿರು ಕಾಡುತ್ತದೆ, ಭುಜ ನಡುಗುತ್ತದೆ. ಆಗ ಮನಸ್ಸು "ಇಷ್ಟು ಹೊತ್ತು ಹಿಡಿದಿದ್ದೀಯ, ಹೊಡೆದೇ ಬಿಡು" ಎನ್ನುತ್ತದೆ. ಆ ಮಾತಿಗೆ ಕಿವಿಗೊಡದೆ ಪಿಸ್ತೂಲನ್ನು ಮೇಜಿಗೆ ಇಳಿಸುವುದೇ ಇದರ ನಿಜವಾದ ವಿದ್ಯೆ. ನೋಡುವವರಿಗೆ ಅದು ಹಿಂಜರಿಕೆಯಂತೆ ಕಾಣುತ್ತದೆ. ಬಲ್ಲವರು ಆಟಗಾರನನ್ನು ಅಳೆಯುವುದೇ ಅಲ್ಲಿ. ಹಿಡಿದ ಆಯುಧವನ್ನು ಬಳಸದೇ ಕೆಳಗಿಡುವುದನ್ನು ದಿನಕ್ಕೆ ಹತ್ತಾರು ಸಲ ಅಭ್ಯಾಸ ಮಾಡಿಸುವ ಇನ್ನೊಂದು ಆಟ ನನಗೆ ತಿಳಿಯದು. ಮಕ್ಕಳ ಕೈಗೆ ಪಿಸ್ತೂಲೇ ಎಂದು ಹೆದರುವ ಅಪ್ಪ ಅಮ್ಮಂದಿರಿಗೆ ನನ್ನ ಉತ್ತರವೂ ಇದೇ.

ಕಾಲ ಎಷ್ಟು ಬೆಲೆಯುಳ್ಳದ್ದು ಎಂಬುದಕ್ಕೆ ನಮ್ಮ ದೇಶದ ಶೂಟರ್ ಮನು ಭಾಕರ್ ಸಾಕ್ಷಿ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಡುವೆ ಪಿಸ್ತೂಲು ಕೆಟ್ಟು, ರಿಪೇರಿಯಲ್ಲಿ ನಿಮಿಷಗಳು ಕಳೆದು, ಆಕೆ 575ಕ್ಕೆ ನಿಂತು ಫೈನಲ್ ತಪ್ಪಿಸಿಕೊಂಡರು. ಅಂತರ ಎಷ್ಟು ತೆಳು ನೋಡಿ: 2024ರ ಪ್ಯಾರಿಸ್‌ನಲ್ಲಿ 580 ಹೊಡೆದು ಫೈನಲ್ ಸೇರಿದರು, ಕಂಚು ತಂದರು. ಎರಡು ದಿನದ ನಂತರ ಸರಬ್ಜೋತ್ ಸಿಂಗ್ ಜೊತೆ ಇನ್ನೊಂದು ಕಂಚು. ಅದೇ ಪ್ಯಾರಿಸ್‌ನಲ್ಲಿ ತುರ್ಕಿಯ ಯೂಸುಫ್ ದಿಕೆಚ್ ಮಾಮೂಲಿ ಕನ್ನಡಕ ಹಾಕಿ, ಒಂದು ಕೈ ಜೇಬಿನಲ್ಲಿಟ್ಟು ಮಿಶ್ರ ತಂಡದ ಬೆಳ್ಳಿ ಗೆದ್ದದ್ದನ್ನು ಜಗತ್ತು ಶೋಕಿ ಎಂದುಕೊಂಡಿತು. ಪಿಸ್ತೂಲು ಹಿಡಿದವರಿಗೆ ಅದು ನಿತ್ಯದ ನಿಲುವು. ಖಾಲಿ ಕೈ ಜೋತಾಡಿದರೆ ಭುಜ ಅಲುಗುತ್ತದೆ, ಅದಕ್ಕೇ ಜೇಬು. ಆಗ ಅವರ ವಯಸ್ಸು 51.

ದೂರ ಹೋಗುವುದೇಕೆ, ನಮ್ಮ ರಾಜ್ಯದವರನ್ನೇ ನೋಡಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಾ ವರ್ಷಗಟ್ಟಲೆ ಪಿಸ್ತೂಲು ಬಿಟ್ಟಿದ್ದವರು. ಊರಿಗೆ ಮರಳಿ ಮತ್ತೆ ಹಿಡಿದರು. 2013ರಲ್ಲಿ ಚಾಂಗ್ವಾನ್ ವಿಶ್ವಕಪ್‌ನ ಹತ್ತು ಮೀಟರ್ ಪಂದ್ಯದಲ್ಲಿ ಕಂಚು ಗೆದ್ದಾಗ ಅವರಿಗೆ 37. ಅದೇ ವರ್ಷ ಸ್ಪೇನಿನ ಗ್ರನಾಡಾದಲ್ಲಿ ಪಂದ್ಯಕ್ಕೆ ಹೋದಾಗ ಮುಖದ ಒಂದು ಭಾಗಕ್ಕೆ ಪಾರ್ಶ್ವವಾಯು ಬಡಿಯಿತು. ಅದರಿಂದಲೂ ಎದ್ದು 2014ರ ಗ್ಲಾಸ್ಗೊ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ ಗೆದ್ದರು, 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೂ ಹೋದರು. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್‌ನ ಮಿಶ್ರ ತಂಡದ ಚಿನ್ನ ಗೆದ್ದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಿಂದ ಎರಡು ಬೆಳ್ಳಿ ತಂದರು. ಓಟಕ್ಕೆ ಕಾಲು ಸೋತವರಿಗೂ ಮಧ್ಯವಯಸ್ಸು ದಾಟಿದವರಿಗೂ ಇಲ್ಲಿ ಜಾಗವಿದೆ ಎನ್ನುವುದಕ್ಕೆ ಇಷ್ಟು ಸಾಕಲ್ಲವೇ?

ಖರ್ಚು ಎಷ್ಟು? ಪಂದ್ಯದ ಮಟ್ಟದ ಪಿಸ್ತೂಲುಗಳು ಹೊರದೇಶದವು. ಸ್ಟೈಯರ್, ಮೊರಿನಿ, ವಾಲ್ಥರ್, ಪಾರ್ದಿನಿ, ಯಾವುದಾದರೂ ಲಕ್ಷ ರೂಪಾಯಿ ದಾಟುತ್ತದೆ. ಆದರೆ ಕಲಿಯುವವರಿಗೆ ಕ್ಲಬ್ಬಿನ ಪಿಸ್ತೂಲೇ ಸಾಕು. ಅದಕ್ಕಿಂತ ಮುಖ್ಯ ಮರದ ಹಿಡಿ, ಅಂಗೈಗೆ ಸರಿಯಾಗಿ ಕೂರಬೇಕು. ಇನ್ನು ಅರ್ಧಕ್ಕರ್ಧ ಅಭ್ಯಾಸಕ್ಕೆ ಪೆಲೆಟ್ಟೇ ಬೇಡ. ಖಾಲಿ ಪಿಸ್ತೂಲು ಹಿಡಿದು ಬಿಳಿ ಗೋಡೆಯ ಕಡೆ ಟ್ರಿಗರ್ ಒತ್ತುವುದನ್ನು ಡ್ರೈ ಫೈರ್ ಎನ್ನುತ್ತಾರೆ. ಗುರಿಯೇ ಇಲ್ಲದ ಗೋಡೆ ಬೆರಳಿನ ಆತುರವನ್ನು ತೋರಿಸಿಕೊಡುವಷ್ಟು ಬೇರೇನೂ ತೋರಿಸದು.

ಜಾಗದ ಮಾತು. ಪಕ್ಕಾ ರೇಂಜ್‌ಗೆ ಬೇಕಾದದ್ದು ಹದಿನೈದು ಮೀಟರ್ ಉದ್ದ, ಐದು ಮೀಟರ್ ಅಗಲದ ಭದ್ರವಾದ ಒಂದು ಕೋಣೆ. ಅಷ್ಟರಲ್ಲಿ ನಾಲ್ಕು ಲೇನ್ ಆಗುತ್ತದೆ. ಗುರಿಯ ನಡು ನೆಲದಿಂದ 1.4 ಮೀಟರ್ ಎತ್ತರದಲ್ಲಿ, ಅದರ ಮೇಲೆ ಕನಿಷ್ಠ 1500 ಲಕ್ಸ್ ಬೆಳಕು. ಹಿಂದೆ ಗಟ್ಟಿ ಗೋಡೆ, ಪೆಲೆಟ್ ಹಿಡಿಯುವ ಉಕ್ಕಿನ ಪೆಟ್ಟಿಗೆ. ಫೈರಿಂಗ್ ಲೈನಿನಿಂದ ಮುಂದಕ್ಕೆ ಯಾವ ಬಾಗಿಲೂ ತೆರೆಯಬಾರದು. ಕೊಬ್ಬರಿ ಗೋದಾಮು ಕಟ್ಟಿ ಬಲ್ಲ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಿಗೆ ಇದು ದೊಡ್ಡ ಕಟ್ಟಡವೇ ಅಲ್ಲ. ಕಾಲೇಜುಗಳ ಆಡಳಿತ ಮಂಡಳಿಯವರು, ಖಾಲಿ ಶೆಡ್ಡಿರುವ ವರ್ತಕರು ಮನಸ್ಸು ಮಾಡಿ, ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್ನಿನವರ ಸಲಹೆ ಪಡೆದರೆ ನಮ್ಮ ಮೂರು ತಾಲ್ಲೂಕಿಗೂ ಸೇರಿ ಒಂದು ಒಳ್ಳೆಯ ರೇಂಜ್ ಆದೀತು. ಕೋಣೆಗಿಂತ ಮೊದಲು ಒಬ್ಬ ಒಳ್ಳೆಯ ಕೋಚ್ ಬೇಕು ಎಂಬುದನ್ನು ಮರೆಯಬಾರದು.

ಅಲ್ಲಿಯವರೆಗೆ ಆಸಕ್ತರು ಬೆಂಗಳೂರಿನ ರೈಲು ಹತ್ತಿ ಯಾವುದಾದರೂ ರೇಂಜಿಗೆ ಒಮ್ಮೆ ಹೋಗಿ ಬನ್ನಿ. ಮೊದಲ ದಿನ ಹೊಡೆಯುವ ಆಸೆ ಬಿಟ್ಟು ಸುಮ್ಮನೆ ನೋಡಿ. ಕೈಯಲ್ಲಿರುವ ಪಿಸ್ತೂಲಿನ ಮೂತಿ ಗುರಿಯ ಕಡೆಯಿಂದ ಅತ್ತಿತ್ತ ಆಗದಂತೆ ಕಾಯುತ್ತಾರೆಯೇ? ಬಳಸದ ಪಿಸ್ತೂಲಿನ ನಳಿಗೆಯಲ್ಲಿ ಬಣ್ಣದ ಸೇಫ್ಟಿ ಫ್ಲ್ಯಾಗ್ ಇದೆಯೇ? "ಸ್ಟಾಪ್" ಎಂದ ಕೂಡಲೇ ಎಲ್ಲರ ಕೈಯೂ ಇಳಿಯುತ್ತದೆಯೇ? ಸೀಸ ಮುಟ್ಟಿದ ಮಕ್ಕಳಿಗೆ ಕೈ ತೊಳೆಸಿ ಕಳಿಸುತ್ತಾರೆಯೇ? ಇವು ನಾಲ್ಕೂ ಸರಿಯಿದ್ದರೆ ಮಾತ್ರ ಹಣ ಕಟ್ಟಿ ಸೇರಿ. ಸೇರಿದ ಮೊದಲ ಆರು ತಿಂಗಳು ಸ್ವಂತ ಪಿಸ್ತೂಲು ಕೊಳ್ಳಬೇಡಿ.