ಮರಿ ಪೆಸೊ

ನನ್ನ ನಾಣ್ಯದ ಡಬ್ಬಿಯಲ್ಲಿ ಬೆಳ್ಳಿಯವೂ ಇವೆ. ಆದರೂ ಕೈ ಹೋಗುವುದು ಒಂದು ಹಳದಿ ಬಿಲ್ಲೆಯ ಕಡೆಗೇ. ಸ್ಪೇನಿನ ಒಂದು ಪೆಸೆಟಾ. ಅಲ್ಯೂಮಿನಿಯಂ ಬೆರೆತ ಕಂಚು, ಮೂರೂವರೆ ಗ್ರಾಂ. ಒಂದು ಬದಿಗೆ ಜನರಲ್ ಫ್ರಾಂಕೊನ ತಲೆ, 1966ರ ಇಸವಿ. ಭೂತಗನ್ನಡಿ ಹಿಡಿದು ಪುಟ್ಟ ನಕ್ಷತ್ರದೊಳಗೆ ಇಣುಕಿದರೆ ಅದು ನಿಜವಾಗಿ ಅಚ್ಚಾದ ವರ್ಷ ಕಾಣುತ್ತದೆ. ಅದರ ಹೊಂಬಣ್ಣ ನೋಡಿ ಸ್ಪೇನಿನ ಜನ ಇದನ್ನು 'ರೂಬಿಯಾ' ಅಂದರು, ಹೊಂಗೂದಲ ಹೆಣ್ಣು.

ಅಡ್ಡಹೆಸರು ಹಾಗಿರಲಿ, ಪೆಸೆಟಾ ಎಂದರೇನು? ಕೆಟಲಾನ್ ಭಾಷೆಯ 'ಪೆಸೆತಾ', ಅಂದರೆ ಸಣ್ಣ ತುಂಡು, ಇದರ ಮೂಲ ಎನ್ನುವವರಿದ್ದಾರೆ. ಅವರ ವಾದಕ್ಕೆ ಬಲವೂ ಇದೆ: ನೆಪೋಲಿಯನ್ನನ ಸೈನ್ಯ ಬಾರ್ಸಿಲೋನಾದಲ್ಲಿ ಬೀಡುಬಿಟ್ಟಿದ್ದ 1808ರಿಂದ 1814ರ ನಡುವೆ ಅಲ್ಲಿನ ಟಂಕಸಾಲೆಯ ನಾಣ್ಯಗಳ ಮೇಲೆ ಈ ಹೆಸರು ಅಚ್ಚಾಯಿತು. ನನ್ನ ಮನಸ್ಸು ಮಾತ್ರ ಇನ್ನೊಂದು ಕಡೆಗೆ ವಾಲುತ್ತದೆ. 'ಪೆಸೊ' ಎಂದರೆ ತೂಕ. ಅದೇ ದೊಡ್ಡ ಬೆಳ್ಳಿ ನಾಣ್ಯದ ಹೆಸರೂ ಆಯಿತು. ನಮ್ಮ ಶಾಸನಗಳ ಗದ್ಯಾಣ ತೂಕವೂ ಹೌದು, ಹೊನ್ನಿನ ನಾಣ್ಯವೂ ಹೌದಲ್ಲವೇ, ಹಾಗೆ. ಪೆಸೊಗೆ ಕಿರಿದರ್ಥದ ಬಾಲ ಹಚ್ಚಿದರೆ ಪೆಸೆಟಾ, ಮರಿ ಪೆಸೊ. ಲೆಕ್ಕವೂ ಇದಕ್ಕೇ ಸಾಕ್ಷಿ ಹೇಳುತ್ತದೆ: ಐದು ಪೆಸೆಟಾ ಕೂಡಿದರೆ ಒಂದು 'ಪೆಸೊ ದೂರೊ', ಗಟ್ಟಿ ಪೆಸೊ.

ಇದು ಅರಮನೆ ಇಟ್ಟ ಹೆಸರಲ್ಲ. ಎರಡು ರಿಯಾಲ್ ಬೆಲೆಯ ಹಳೆಯ ಬೆಳ್ಳಿ ನಾಣ್ಯಕ್ಕೆ ಸಂತೆಯವರು ಹೇಳುತ್ತಿದ್ದ ಮಾತು. 1868ರಲ್ಲಿ ರಾಣಿ ಎರಡನೆಯ ಇಸಬೆಲ್ ದೇಶ ಬಿಟ್ಟು ಓಡಿದಳು. ಅದೇ ವರ್ಷದ ಅಕ್ಟೋಬರ್ 19ರಂದು ತಾತ್ಕಾಲಿಕ ಸರ್ಕಾರದ ಹಣಕಾಸು ಮಂತ್ರಿ, ಕೆಟಲೋನಿಯಾದವರೇ ಆದ ಲೌರೆಯಾನೊ ಫಿಗೆರೋಲಾ, ಆ ಮಾತನ್ನೇ ಇಡೀ ದೇಶದ ಹಣದ ಹೆಸರಾಗಿಸಿದರು. ಹೊಸ ಪೆಸೆಟಾದ ಮೇಲೆ ರಾಣಿಯ ಮುಖವಿರಲಿಲ್ಲ. ಬೆಟ್ಟಗಳಿಗೆ ಒರಗಿ ಕೂತ ಹಿಸ್ಪಾನಿಯಾ ಎಂಬ ಹೆಣ್ಣಿದ್ದಳು. ಜನ ಬಳಸಿ ಸವೆಸಿದ ಹೆಸರು ಜನರ ಹಣಕ್ಕೇ ಸಂದದ್ದು ನನಗೆ ಬಲು ಇಷ್ಟ.

2002ರಲ್ಲಿ ಯೂರೊ ಬಂತು. ಒಂದು ಯೂರೊಗೆ 166.386 ಪೆಸೆಟಾ. ಅಲ್ಲಿಯವರೆಗೂ ನೂರು ಪೆಸೆಟಾದ ನಾಣ್ಯವನ್ನು ಕೈಗಿಡುವಾಗ ಅಂಗಡಿಯವರು ನೂರು ಎನ್ನುವ ಬದಲು 'ವೇಂತೆ ದೂರೊಸ್' ಎನ್ನುತ್ತಿದ್ದರು, ಇಪ್ಪತ್ತು ದೂರೊ. ಮರಿಯನ್ನು ಎಣಿಸುವಾಗಲೂ ಬಾಯಿಗೆ ಬರುತ್ತಿದ್ದದ್ದು ತಾಯಿಯ ಹೆಸರೇ.