ನಿರ್ದೇಶಕನಾಗುವವನಿಗೆ ಮೊದಲು ಬೂಮ್ ಕೊಡಿ

ಡಿಪ್ಲೊಮಾ ಚಿತ್ರಗಳ ಶೂಟಿಂಗ್ ಬಂತೆಂದರೆ ವಿದ್ಯಾರ್ಥಿ ತಂಡಗಳಲ್ಲಿ ಒಂದು ತಕರಾರು ಏಳುತ್ತದೆ. ನಿರ್ದೇಶನಕ್ಕೆ ಎಲ್ಲರೂ ಕೈ ಎತ್ತುತ್ತಾರೆ, ಕ್ಯಾಮೆರಾಕ್ಕೂ ಪೈಪೋಟಿ. ತುದಿಗೆ ಮೈಕು ಕಟ್ಟಿದ ಬೂಮ್ ಕೋಲು ಮಾತ್ರ ಊಟ ತರಲು ಹೋಗಿಬರುವ ಜೂನಿಯರ್ ಪಾಲಿಗೆ.

ಇದು ತಲೆಕೆಳಗಾದ ಹಂಚಿಕೆ. ಬೂಮ್ ಹಿಡಿದವನಿಗೆ ಯಾವ ಲೆನ್ಸ್ ಹಾಕಿದ್ದಾರೆ, ಫ್ರೇಮಿನ ಮೇಲಂಚು ಎಲ್ಲಿದೆ ಎಂಬುದು ಗೊತ್ತಿರಬೇಕು; ಇಲ್ಲದಿದ್ದರೆ ಮೈಕು ಚಿತ್ರದೊಳಗೆ ಇಳಿಯುತ್ತದೆ. ಮುಖ್ಯ ಬೆಳಕಾದ ಕೀ ಲೈಟ್ ಎತ್ತಣಿಂದ ಬರುತ್ತಿದೆ ಎಂದು ನೋಡಿಕೊಳ್ಳದಿದ್ದರೆ ಕೋಲಿನ ನೆರಳು ನಟಿಯ ಹಣೆಯ ಮೇಲೆ. ಸಂಭಾಷಣೆಯಂತೂ ನಟರಷ್ಟೇ ಬಾಯಿಪಾಠ ಇರಬೇಕು, ಮಾತು ಶುರುವಾದ ಮೇಲೆ ಮೈಕು ತಿರುಗಿಸಿ ಪ್ರಯೋಜನವಿಲ್ಲ. ಮೈಕಿನ ದೂರ ಇಮ್ಮಡಿಯಾದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಫ್ಯಾನಿನ ಗುಂಯ್‌ಗುಡುವಿಕೆ ಇದ್ದಷ್ಟೇ ಇರುತ್ತದೆ. ಒಂದು ಕೋಲು ಹಿಡಿದು ಕ್ಯಾಮೆರಾ, ಬೆಳಕು, ಅಭಿನಯ ಮೂರನ್ನೂ ಕಲಿಯುವ ಜಾಗ ಸೆಟ್‌ನಲ್ಲಿ ಇನ್ನೊಂದಿಲ್ಲ.

‘ಡಬ್ಬಿಂಗ್‌ನಲ್ಲಿ ನೋಡ್ಕೊಂಡ್ರಾಯ್ತು’ ಎನ್ನುವ ಪಂಥದೊಂದಿಗೆ ಈ ಅಂಕಣದ ಜಗಳ ಹಳೆಯದು. ಆ ಮಾತು ಕೇಳಿ ಬೆಳೆದ ಹುಡುಗರು ಅರ್ಧ ನಿಮಿಷ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ರೂಮ್ ಟೋನ್, ಅಂದರೆ ಕೋಣೆಯ ಮೌನದ ಸದ್ದು, ಹಿಡಿಯುವುದನ್ನೂ ಬಿಡುತ್ತಾರೆ. ಎಡಿಟಿಂಗ್‌ಗೆ ಕೂತಾಗ ಮಾತು ಮಾತಿನ ನಡುವೆ ಕೋಣೆಯೇ ಸತ್ತಿರುತ್ತದೆ. ಎಡಿಟಿಂಗ್ ಒಮ್ಮೆ ತಾನೇ ಮಾಡಿದವನು ಆ ಅರ್ಧ ನಿಮಿಷ ಬಿಟ್ಟುಕೊಡುವುದಿಲ್ಲ.

ಬೂಮ್ ಹಿಡಿದವನು ಕಲಿಯುವ ಹಾಗೆಯೇ ಬೆಳಕಿಗೆ ಕೈಹಚ್ಚಿದವನೂ ಕಲಿಯುತ್ತಾನೆ; ಧ್ವನಿಯ ಮಾತು ಆಡುತ್ತಲೇ ಮನಸ್ಸು ‘ಕಾಗಜ್ ಕೇ ಫೂಲ್’ (1959) ಕಡೆ ಹೊರಳುತ್ತಿದೆ. ಖಾಲಿ ಸ್ಟುಡಿಯೋ, ಮೇಲಿನಿಂದ ಓರೆಯಾಗಿ ಇಳಿಯುವ ಒಂದೇ ಬೆಳಕಿನ ಕಂಬ, ಅದರ ಆಚೆಗೊಬ್ಬರು, ಈಚೆಗೊಬ್ಬರು, ಗುರುದತ್ ಮತ್ತು ವಹೀದಾ. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅದನ್ನು ಮಾಡಿದ್ದು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಒಳಗೆ ತಿರುಗಿಸಿ. ಸೂರ್ಯ 4 ನಿಮಿಷಕ್ಕೆ 1 ಡಿಗ್ರಿಯಷ್ಟು ಸರಿಯುತ್ತಾನೆ, ಕನ್ನಡಿಯನ್ನು ಹಾಗೇ ಬಿಟ್ಟರೆ ಬೆಳಕೂ ಸರಿದುಬಿಡುತ್ತದೆ. ಬಿಸಿಲಲ್ಲಿ ರಿಫ್ಲೆಕ್ಟರ್ ಹಿಡಿದು ನಿಂತ ವಿದ್ಯಾರ್ಥಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಂದು ಟೇಕ್ ಯಾಕೆ ಬೇಗ ಮುಗಿಯಬೇಕು ಎಂಬುದು ಅವನ ತೋಳಿಗೇ ಗೊತ್ತಾಗುತ್ತದೆ.

ಮೂರ್ತಿ ಓದಿದ್ದು ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ. ಅಲ್ಲಿಯೇ 1962ರಲ್ಲಿ ಛಾಯಾಗ್ರಹಣ ಮುಗಿಸಿದ ಗೋವಿಂದ ನಿಹಲಾನಿ ಮೂರ್ತಿಯವರಿಗೇ ಸಹಾಯಕರಾದರು. ಆಮೇಲೆ ಕಾರ್ನಾಡರ ‘ಕಾಡು’, ಬೆನೆಗಲ್ಲರ ‘ಅಂಕುರ್’ ಚಿತ್ರಗಳಿಗೆ ಕ್ಯಾಮೆರಾ ಹಿಡಿದರು. ಹೀಗೆ ಸೆಟ್‌ನಲ್ಲಿ ಕೆಲಸ ಕಲಿತ ಮೇಲೆಯೇ ಸ್ವತಂತ್ರ ನಿರ್ದೇಶನಕ್ಕೆ ಕೈಹಾಕಿದ್ದು, 1980ರ ‘ಆಕ್ರೋಶ್’ನಲ್ಲಿ. ಅದರಲ್ಲೂ ಕ್ಯಾಮೆರಾವನ್ನು ಇನ್ನೊಬ್ಬರ ಕೈಗೆ ಕೊಡಲಿಲ್ಲ.